ಡಿಸ್ಕ್ ಸವೆದಿದೆ ಅಂದರೆ ಏನರ್ಥ?

ಸೊಂಟ ನೋವು ಅಂತ ವೈದ್ಯರ ಹತ್ತಿರ ಹೋದಿರಿ. ಎಂಆರ್‌ಐ ಮಾಡಿಸಿದ್ದಾಯಿತು. ಕೈಗೆ ಬಂದ ರಿಪೋರ್ಟಿನಲ್ಲಿ ಹೀಗೊಂದು ಸಾಲು: "ಎಲ್4-ಎಲ್5 ಡಿಸ್ಕ್ ಡೆಸಿಕೇಶನ್, ಡಿಫ್ಯೂಸ್ ಬಲ್ಜ್, ಡಿಜನರೇಟಿವ್ ಚೇಂಜಸ್." ವೈದ್ಯರನ್ನು ಮತ್ತೆ ಕಾಣಲು ಇನ್ನೂ ಎರಡು ದಿನ ಇದೆ. ಅಷ್ಟರಲ್ಲಿ ಮನೆಯಲ್ಲಿ "ಡಿಸ್ಕ್ ಸವೆದಿದೆಯಂತೆ" ಅನ್ನುವ ಮಾತು ಹಬ್ಬಿರುತ್ತದೆ. ಬಗ್ಗಲು ಹೆದರಿಕೆ, ಮೆಟ್ಟಿಲು ಹತ್ತಲು ಹೆದರಿಕೆ, ರಾತ್ರಿ ನಿದ್ದೆ ಇಲ್ಲ.

ಈ ಬರಹ ಆ ಎರಡು ದಿನಗಳಿಗಾಗಿ.

ಸವೆತ ಅನ್ನುವ ಪದವೇ ಅರ್ಧ ಭಯ ಹುಟ್ಟಿಸುತ್ತದೆ. ಚಪ್ಪಲಿ ನಡೆದಷ್ಟೂ ಸವೆಯುತ್ತದೆ. ಹಾಗಾಗಿ ಡಿಸ್ಕ್ ಉಳಿಯಬೇಕಾದರೆ ನಡೆಯುವುದನ್ನೇ ಕಡಿಮೆ ಮಾಡಬೇಕು ಅಂತ ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತದೆ. ಈ ಲೆಕ್ಕ ತಪ್ಪು. ಡಿಸ್ಕ್‌ಗೆ ಜೀವ ಇದೆ. ಅದು ಉಣ್ಣುತ್ತದೆ, ಕಸ ಹೊರಹಾಕುತ್ತದೆ, ನೀರು ಕುಡಿಯುತ್ತದೆ. ಅದು ಹಳೆಯದಾಗುವ ರೀತಿಯೇ ಬೇರೆ. ಆ ರೀತಿ ಅರ್ಥವಾದರೆ ರಿಪೋರ್ಟಿನ ಸಾಲು ಬೇರೆಯೇ ಆಗಿ ಕಾಣುತ್ತದೆ.

ಡಿಸ್ಕ್ ಇರುವುದು ಎಲ್ಲಿ?

ಬೆನ್ನುಮೂಳೆ ಅಂದರೆ ಒಂದರ ಮೇಲೊಂದು ಪೇರಿಸಿದ ಸಣ್ಣ ಮೂಳೆಗಳ ಕಂಬ. ಈ ಸಣ್ಣ ಮೂಳೆಗಳೇ ಕಶೇರುಗಳು. ಅಲುಗಾಡುವ ಕಶೇರುಗಳು ಒಟ್ಟು 24: ಕುತ್ತಿಗೆಯಲ್ಲಿ 7, ಎದೆಗೂಡಿನ ಹಿಂದೆ 12, ಸೊಂಟದಲ್ಲಿ 5. ಅವುಗಳ ಕೆಳಗೆ ಸೇಕ್ರಮ್ ಇದೆ. ಬಾಲ್ಯದಲ್ಲಿ 5 ತುಂಡಾಗಿದ್ದದ್ದು ಬೆಳೆಯುತ್ತಾ ಬೆಸೆದುಕೊಂಡು ಒಂದೇ ಮೂಳೆಯಾಗಿರುತ್ತದೆ.

ರಿಪೋರ್ಟಿನ ಅಕ್ಷರಗಳು ಈ ಜಾಗಗಳನ್ನೇ ಹೇಳುತ್ತವೆ. 'ಸಿ' ಅಂದರೆ ಕುತ್ತಿಗೆ, 'ಟಿ' ಅಥವಾ 'ಡಿ' ಅಂದರೆ ಎದೆಯ ಭಾಗ, 'ಎಲ್' ಅಂದರೆ ಸೊಂಟ, 'ಎಸ್' ಅಂದರೆ ಸೇಕ್ರಮ್. ಎಲ್4-ಎಲ್5 ಡಿಸ್ಕ್ ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಕಶೇರುಗಳ ನಡುವಿನ ಮೆತ್ತೆ, ಅಷ್ಟೇ.

ಇಂಥ ಮೆತ್ತೆಗಳು 23 ಇವೆ. ತಲೆಬುರುಡೆಗೂ ಮೊದಲ ಕಶೇರುವಿಗೂ ನಡುವೆ ಡಿಸ್ಕ್ ಇಲ್ಲ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆಯೂ ಇಲ್ಲ. ಸೊಂಟದ ಡಿಸ್ಕ್ ಸುಮಾರು 4 ಸೆಂ.ಮೀ. ಅಗಲ, ಒಂದು ಸೆಂ.ಮೀ.ಗೆ ತುಸು ಕಡಿಮೆ ದಪ್ಪ. ಎಲ್ಲ ಡಿಸ್ಕ್‌ಗಳ ದಪ್ಪ ಕೂಡಿಸಿದರೆ ಬೆನ್ನುಕಂಬದ ಉದ್ದದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಆಗುತ್ತದೆ. ಅವು ಇಲ್ಲದಿದ್ದರೆ ಮೂಳೆಗೆ ಮೂಳೆ ತಾಗುತ್ತಿತ್ತು. ಬಗ್ಗುವುದು, ತಿರುಗುವುದು ಯಾವುದೂ ಆಗುತ್ತಿರಲಿಲ್ಲ.

ಟ್ಯೂಬಿನಂಥ ತಿರುಳು, ಟೈರಿನಂಥ ಉಂಗುರ

ಡಿಸ್ಕ್‌ನ ಒಳಗೆ ಎರಡು ಭಾಗಗಳಿವೆ. ಸೈಕಲ್ ಚಕ್ರವನ್ನು ನೆನಪಿಸಿಕೊಳ್ಳಿ. ಒಳಗೆ ಗಾಳಿ ತುಂಬಿದ ಟ್ಯೂಬು, ಹೊರಗೆ ಅದನ್ನು ಹಿಡಿದಿಟ್ಟ ಟೈರು. ಡಿಸ್ಕ್‌ನಲ್ಲೂ ಹೀಗೇ. ನಡುವೆ ಜೆಲ್ಲಿಯಂಥ ತಿರುಳು. ಸುತ್ತ ಗಟ್ಟಿ ನಾರಿನ ಉಂಗುರ.

ಉಂಗುರದಲ್ಲಿ ಸುಮಾರು 15ರಿಂದ 25 ಪದರಗಳಿರುತ್ತವೆ. ಒಂದು ಪದರದ ನಾರು ಒಂದು ಕಡೆಗೆ ಓರೆಯಾಗಿದ್ದರೆ ಮುಂದಿನ ಪದರದ್ದು ಇನ್ನೊಂದು ಕಡೆಗೆ ಓರೆ. ಗಟ್ಟಿಮುಟ್ಟಾದ ಟೈರನ್ನೂ ಹೀಗೇ ಅಡ್ಡಡ್ಡ ದಾರ ಹಾಕಿ ಮಾಡುತ್ತಾರೆ. ನೀವು ಯಾವ ಕಡೆ ತಿರುಗಿದರೂ ಒಂದಷ್ಟು ಪದರಗಳು ಬಿಗಿದು ಹಿಡಿದುಕೊಳ್ಳುತ್ತವೆ.

ತಿರುಳಿನ ವಿಚಾರ ಇನ್ನೂ ಚೆಂದ. ಅದರಲ್ಲಿ ಬಹುಪಾಲು ನೀರು. ಆ ನೀರನ್ನು ಹಿಡಿದಿಡುವುದು ಪ್ರೋಟಿಯೋಗ್ಲೈಕನ್ ಎಂಬ ದೊಡ್ಡ ಅಣುಗಳು. ಸ್ಪಂಜು ನೀರು ಹೀರಿ ಉಬ್ಬುತ್ತದಲ್ಲ, ಈ ಅಣುಗಳೂ ಹಾಗೆ ನೀರನ್ನು ಎಳೆದು ಉಬ್ಬುತ್ತವೆ. ಆದರೆ ಸ್ಪಂಜನ್ನು ಒತ್ತಿದರೆ ನೀರು ಸುಲಭವಾಗಿ ಹೊರಗೆ ಬರುತ್ತದೆ. ಇವು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೈಭಾರ ಮೇಲಿನಿಂದ ಒತ್ತುತ್ತದೆ, ನೀರು ತುಂಬಿದ ತಿರುಳು ಒಳಗಿನಿಂದ ತಳ್ಳುತ್ತದೆ, ಸುತ್ತಲಿನ ಉಂಗುರ ಬಿಗಿ ಹಿಡಿಯುತ್ತದೆ. ನೀವು ನೆಟ್ಟಗೆ ನಿಲ್ಲುವುದರ ಹಿಂದೆ ಈ ಮೂರರ ಹೊಂದಾಣಿಕೆ ಇದೆ.

ಆ ಒತ್ತಡವನ್ನು ಅಳೆದವರೂ ಇದ್ದಾರೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಬ್ಬ ಆರೋಗ್ಯವಂತನ ಸೊಂಟದ ಡಿಸ್ಕ್‌ನೊಳಗೆ ಪುಟ್ಟ ಸೆನ್ಸರ್ ಇಟ್ಟಿದ್ದರು. ಮಲಗಿದಾಗ ಒತ್ತಡ ಸುಮಾರು 0.1 ಮೆಗಾಪಾಸ್ಕಲ್. ನಿಂತಾಗ 0.5. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3. ಸಾಮಾನ್ಯ ಕಾರಿನ ಟೈರಿನಲ್ಲಿರುವ ಒತ್ತಡ ಸುಮಾರು 0.2. ಅಂದರೆ ಸುಮ್ನೆ ನಿಂತಿದ್ದಾಗಲೂ ನಮ್ಮ ಡಿಸ್ಕ್ ಕಾರಿನ ಟೈರಿಗಿಂತ ಜಾಸ್ತಿ ಒತ್ತಡ ಹೊತ್ತಿರುತ್ತದೆ. ಇದನ್ನು ನಾಜೂಕು ವಸ್ತು ಅನ್ನುವಂತಿಲ್ಲ.

ರಕ್ತ ತಲುಪದ ಜಾಗ

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ದೇಹದ ಹೆಚ್ಚಿನ ಭಾಗಗಳಿಗೆ ರಕ್ತನಾಳ ಹೋಗುತ್ತದೆ. ಆಮ್ಲಜನಕ, ಆಹಾರ ಎಲ್ಲ ರಕ್ತದಲ್ಲೇ ಬರುತ್ತದೆ, ಕಸವೂ ರಕ್ತದಲ್ಲೇ ಹೋಗುತ್ತದೆ. ಬೆರಳು ಕುಯ್ದರೆ ಕೆಲವೇ ದಿನಗಳಲ್ಲಿ ವಾಸಿಯಾಗುವುದು ಇದೇ ಕಾರಣಕ್ಕೆ. ಡಿಸ್ಕ್‌ನ ಕಥೆ ಬೇರೆ. ದೊಡ್ಡವರ ಡಿಸ್ಕ್‌ನಲ್ಲಿ ಹೊರ ಅಂಚು ಬಿಟ್ಟರೆ ಒಳಗೆ ರಕ್ತನಾಳಗಳೇ ಇಲ್ಲ. ರಕ್ತನಾಳ ಇಲ್ಲದ ಅಂಗಾಂಶಗಳಲ್ಲಿ ದೇಹದಲ್ಲೇ ದೊಡ್ಡದು ಇದು.

ಹಾಗಾದರೆ ಒಳಗಿನ ಜೀವಕೋಶಗಳಿಗೆ ಊಟ ಹೇಗೆ? ಡಿಸ್ಕ್‌ನ ಮೇಲೂ ಕೆಳಗೂ ತೆಳುವಾದ ಮೃದ್ವಸ್ಥಿಯ ತಟ್ಟೆಗಳಿವೆ. ಅವುಗಳಿಗೆ ಅಂಟಿಕೊಂಡ ಮೂಳೆಯಲ್ಲಿ ರಕ್ತ ಹರಿಯುತ್ತದೆ. ಅಲ್ಲಿಂದ ಸಕ್ಕರೆ ಅಂಶ ಮತ್ತು ಆಮ್ಲಜನಕ ತಟ್ಟೆಯ ಮೂಲಕ ನಿಧಾನವಾಗಿ ಜಿನುಗಿ ಒಳಗೆ ಹೋಗುತ್ತವೆ. ಒಣ ಬಟ್ಟೆಯ ಒಂದು ತುದಿ ನೀರಿಗೆ ತಾಗಿದರೆ ತೇವ ಮೆಲ್ಲಗೆ ಹರಡುತ್ತದಲ್ಲ, ಆ ಥರ. ತಿರುಳಿನ ನಡುವಿನ ಕೋಶದಿಂದ ಹತ್ತಿರದ ರಕ್ತನಾಳಕ್ಕೆ 6ರಿಂದ 8 ಮಿ.ಮೀ. ದೂರ. ನಮಗೆ ಕಡಿಮೆ ಅನ್ನಿಸಬಹುದು, ಒಂದು ಜೀವಕೋಶಕ್ಕೆ ಅದು ಬಹಳ ದೂರದ ದಾರಿ. ಅಷ್ಟು ದೂರ ಆಮ್ಲಜನಕ ತೀರಾ ಕಡಿಮೆ ತಲುಪುತ್ತದೆ. ಹಾಗಾಗಿ ಒಳಗಿನ ಕೋಶಗಳು ಆಮ್ಲಜನಕ ಹೆಚ್ಚು ಬಳಸದೆ ಬದುಕುವುದನ್ನು ಕಲಿತಿವೆ. ಅದರಿಂದ ಆಮ್ಲ ಹುಟ್ಟುತ್ತದೆ. ಆ ಆಮ್ಲವೂ ಅದೇ ನಿಧಾನದ ದಾರಿಯಲ್ಲೇ ಹೊರಗೆ ಹೋಗಬೇಕು.

ಮಕ್ಕಳಲ್ಲಿ ಹೀಗಿರುವುದಿಲ್ಲ. ಹುಟ್ಟಿದಾಗ ಈ ತಟ್ಟೆಗಳಲ್ಲಿ ಸಣ್ಣ ರಕ್ತನಾಳಗಳಿರುತ್ತವೆ. ಬೆಳೆಯುತ್ತಾ ಹೋದಂತೆ, ಸುಮಾರು ಮೊದಲ ಹತ್ತು ವರ್ಷಗಳಲ್ಲಿ, ಅವು ಮಾಯವಾಗುತ್ತವೆ. ಡಿಸ್ಕ್ ಹಳೆಯದಾಗುವ ಕೆಲಸ ಅಲ್ಲಿಂದಲೇ ಶುರು. ಹದಿಹರೆಯದವರಲ್ಲೇ ಸಣ್ಣ ಬದಲಾವಣೆಗಳು ಕಾಣುತ್ತವೆ. ಕೂದಲು ನರೆಯುವುದಕ್ಕಿಂತ ಎಷ್ಟೋ ಮೊದಲು!

ಬೆಳಿಗ್ಗೆ ಎತ್ತರ, ರಾತ್ರಿ ಗಿಡ್ಡ

ಡಿಸ್ಕ್‌ಗೆ ದಿನವೂ ಒಂದು ಉಸಿರಾಟ ಇದೆ. ಹಗಲಿಡೀ ನಿಂತು ಕೂತು ಮಾಡುವಾಗ ಭಾರಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹೊರಗೆ ಹೋಗುತ್ತದೆ. ರಾತ್ರಿ ಮಲಗಿದಾಗ ಒತ್ತಡ ಇಳಿಯುತ್ತದೆ, ನೀರು ಮತ್ತೆ ಒಳಗೆ ಬರುತ್ತದೆ. ಹಾಗಾಗಿ ನಾವೆಲ್ಲರೂ ಬೆಳಿಗ್ಗೆ ಎದ್ದಾಗ ರಾತ್ರಿಗಿಂತ ಸುಮಾರು 1ರಿಂದ 2 ಸೆಂ.ಮೀ. ಎತ್ತರ ಇರುತ್ತೇವೆ. ಗೋಡೆಗೆ ಒರಗಿ ಅಳೆದು ನೋಡಬಹುದು.

ಗಗನಯಾತ್ರಿಗಳಲ್ಲಿ ಇದು ಇನ್ನೂ ಜೋರು. ಅಲ್ಲಿ ಭಾರವೇ ಇಲ್ಲ. ಡಿಸ್ಕ್‌ಗಳು ಉಬ್ಬುತ್ತವೆ, ಬೆನ್ನಿನ ಬಾಗು ನೆಟ್ಟಗಾಗುತ್ತದೆ. ಕೆಲವರು 5 ಸೆಂ.ಮೀ.ವರೆಗೂ ಎತ್ತರವಾಗುತ್ತಾರೆ. ಇದು ಒಳ್ಳೆಯದೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಇಲ್ಲ. ಅವರಲ್ಲಿ ಅನೇಕರಿಗೆ ಅಲ್ಲೇ ಬೆನ್ನು ನೋಯುತ್ತದೆ. ಭೂಮಿಗೆ ವಾಪಸಾದ ಮೇಲೆ ಡಿಸ್ಕ್‌ನ ತಿರುಳು ಹೊರಬರುವ ಸಂಭವ ಬೇರೆಯವರಿಗಿಂತ ಸುಮಾರು 4 ಪಟ್ಟು ಜಾಸ್ತಿ. ಡಿಸ್ಕ್‌ಗೆ ಭಾರವೂ ಬೇಕು, ವಿಶ್ರಾಂತಿಯೂ ಬೇಕು. ಒಂದರ ನಂತರ ಇನ್ನೊಂದು ಬರುತ್ತಿರಬೇಕು.

ಹಳೆಯದಾಗುತ್ತಾ ಏನಾಗುತ್ತದೆ?

ಮೊದಲು ಹೋಗುವುದು ನೀರು. ಹುಟ್ಟಿದ ಮಗುವಿನ ಡಿಸ್ಕ್ ತಿರುಳಿನಲ್ಲಿ ಸುಮಾರು ಶೇ. 90 ನೀರು ಇದ್ದರೆ ಮುಪ್ಪಿನಲ್ಲಿ ಅದು ಸುಮಾರು ಶೇ. 70ಕ್ಕೆ ಇಳಿಯುತ್ತದೆ. ನೀವು ನೀರು ಕುಡಿಯುವುದು ಕಡಿಮೆಯಾಗಿ ಹೀಗಾಗುವುದಿಲ್ಲ. ನೀರನ್ನು ಹಿಡಿದಿಡುವ ಆ ದೊಡ್ಡ ಅಣುಗಳು ಒಡೆಯುತ್ತಾ ಹೋಗುತ್ತವೆ. ಹೊಸದನ್ನು ಕಟ್ಟಬೇಕಾದ ಕೋಶಗಳು ಮೊದಲೇ ಕಡಿಮೆ, ಊಟವೂ ಕಡಿಮೆ. ದುರಸ್ತಿ ಒಡೆತಕ್ಕಿಂತ ಹಿಂದೆ ಬೀಳುತ್ತದೆ. ಹಾಗಾಗಿ ದಿನಕ್ಕೆ ಎಷ್ಟು ಲೋಟ ನೀರು ಕುಡಿದರೂ ಒಣಗಿದ ಡಿಸ್ಕ್ ಮತ್ತೆ ತುಂಬಿಕೊಳ್ಳುವುದಿಲ್ಲ.

ನೀರು ಕಡಿಮೆಯಾದ ತಿರುಳು ಗಾಳಿ ಇಳಿದ ಟ್ಯೂಬಿನಂತೆ. ಈಗ ಭಾರವೆಲ್ಲ ಟೈರಿನ ಮೇಲೆ, ಅಂದರೆ ಉಂಗುರದ ಮೇಲೆ. ಉಂಗುರ ಸ್ವಲ್ಪ ಹೊರಗೆ ಉಬ್ಬುತ್ತದೆ. ಅದರ ಪದರಗಳಲ್ಲಿ ಸಣ್ಣ ಬಿರುಕು ಬೀಳುತ್ತದೆ. ಡಿಸ್ಕ್ ತೆಳ್ಳಗಾಗುತ್ತದೆ. ಡಿಸ್ಕ್ ತಗ್ಗಿದಾಗ ಕಶೇರುಗಳ ಹಿಂಭಾಗದ ಪುಟ್ಟ ಕೀಲುಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ. ಕಶೇರುವಿನ ಅಂಚಿನಲ್ಲಿ ಮೂಳೆ ಸ್ವಲ್ಪ ಚಾಚಿಕೊಂಡು ಬೆಳೆಯುತ್ತದೆ. ವಯಸ್ಸಾದವರು ಒಂದೆರಡು ಸೆಂ.ಮೀ. ಗಿಡ್ಡವಾಗುವುದಕ್ಕೆ ಇದೂ ಒಂದು ಕಾರಣ.

ಈ ಬದಲಾವಣೆ ಹೆಚ್ಚಾಗಿ ಕಾಣುವುದು ಭಾರವೂ ಚಲನೆಯೂ ಜಾಸ್ತಿ ಇರುವ ಜಾಗಗಳಲ್ಲಿ: ಸೊಂಟದ ಎಲ್4-ಎಲ್5, ಎಲ್5-ಎಸ್1, ಕುತ್ತಿಗೆಯ ಸಿ5-ಸಿ6, ಸಿ6-ಸಿ7. ರಿಪೋರ್ಟುಗಳಲ್ಲಿ ಈ ಹೆಸರುಗಳೇ ಮತ್ತೆ ಮತ್ತೆ ಬರುವುದು ಅದಕ್ಕೇ.

ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ ಯಾಕೆ?

"ನಾನು ಭಾರ ಎತ್ತಿದ್ದಕ್ಕೇ ಹೀಗಾಯಿತು" ಅಂತ ಬಹಳ ಜನ ತಮ್ಮನ್ನೇ ದೂರಿಕೊಳ್ಳುತ್ತಾರೆ. ಇದನ್ನು ಪರೀಕ್ಷಿಸಲು ಫಿನ್ಲೆಂಡಿನಲ್ಲಿ ಅವಳಿಗಳನ್ನು ನೋಡಿದರು. ಒಂದೇ ಥರದ ವಂಶವಾಹಿ ಇರುವ 115 ಜೋಡಿ ಗಂಡಸರು. ಒಂದೇ ಜೋಡಿಯಲ್ಲೂ ಇಬ್ಬರ ಜೀವನ ಬೇರೆ ಬೇರೆ. ಒಬ್ಬ ಮೈಮುರಿದು ದುಡಿದಿದ್ದರೆ ಇನ್ನೊಬ್ಬ ಕುರ್ಚಿಯಲ್ಲಿ ಕೂತು ಕೆಲಸ ಮಾಡಿರಬಹುದು. 1995ರಲ್ಲಿ ಬಂದ ಫಲಿತಾಂಶ ಬೆನ್ನಿನ ವೈದ್ಯರನ್ನೇ ಬೆರಗಾಗಿಸಿತು. ಜೀವಮಾನದ ಕೆಲಸದ ಹೊರೆ ಡಿಸ್ಕ್ ಸವೆತದ ವ್ಯತ್ಯಾಸದಲ್ಲಿ ತೀರಾ ಸಣ್ಣ ಪಾಲನ್ನು ಮಾತ್ರ ವಿವರಿಸಿತು. ಅವಳಿಗಳ ಡಿಸ್ಕ್‌ಗಳು ಮಾತ್ರ ಒಂದನ್ನೊಂದು ಬಹಳ ಹೋಲುತ್ತಿದ್ದವು. 1999ರ ಇನ್ನೊಂದು ಅವಳಿ ಅಧ್ಯಯನದಲ್ಲಿ ವಂಶದ ಪಾಲು ಸುಮಾರು ಮುಕ್ಕಾಲು ಅಂತ ಲೆಕ್ಕ ಸಿಕ್ಕಿತು.

ಹಾಗಂತ ಉಳಿದದ್ದೆಲ್ಲ ಲೆಕ್ಕಕ್ಕೇ ಇಲ್ಲ ಅಂತಲ್ಲ. ಬೀಡಿ, ಸಿಗರೇಟು ಮುಖ್ಯ. ಇನ್ನೊಂದು ಅವಳಿ ಅಧ್ಯಯನದಲ್ಲಿ ಧೂಮಪಾನ ಮಾಡಿದವರ ಸೊಂಟದ ಡಿಸ್ಕ್ ಸವೆತ, ಧೂಮಪಾನ ಮಾಡದ ಅವರ ಅವಳಿ ಜೋಡಿಯವರಿಗಿಂತ ಸರಾಸರಿ ಶೇ. 18 ಜಾಸ್ತಿ ಇತ್ತು. ಮೊದಲೇ ಅರೆಹೊಟ್ಟೆಯಲ್ಲಿರುವ ಡಿಸ್ಕ್‌ಗೆ ಹೊಗೆಯಿಂದ ರಕ್ತದ ಹರಿವು ಇನ್ನೂ ಕಡಿಮೆಯಾಗುತ್ತದೆ. ಮೈತೂಕ ಜಾಸ್ತಿ ಇರುವುದು, ಹಿಂದಿನ ಪೆಟ್ಟು, ಸಕ್ಕರೆ ಕಾಯಿಲೆ ಇವೂ ಪಾಲು ಪಡೆಯುತ್ತವೆ.

ಸವೆದರೆ ನೋಯಲೇಬೇಕಾ?

ಈ ಪ್ರಶ್ನೆಯ ಉತ್ತರ ಪ್ರತಿ ರಿಪೋರ್ಟಿನ ಜೊತೆ ಅಚ್ಚಾಗಿ ಬರಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ.

2015ರಲ್ಲಿ ಸಂಶೋಧಕರು ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಇವರ್ಯಾರಿಗೂ ತೊಂದರೆ ಇರಲಿಲ್ಲ. ಆದರೂ 20ರ ವಯಸ್ಸಿನವರಲ್ಲಿ ಶೇ. 37 ಮಂದಿಗೆ ಡಿಸ್ಕ್ ಸವೆತ ಕಂಡಿತು. 40ರವರಲ್ಲಿ ಶೇ. 68. 50ರವರಲ್ಲಿ ಶೇ. 80. 80ರವರಲ್ಲಿ ಶೇ. 96. ಡಿಸ್ಕ್ ಉಬ್ಬು, ಅಂದರೆ ಬಲ್ಜ್, 20ರವರಲ್ಲಿ ಶೇ. 30 ಇದ್ದದ್ದು 80ರವರಲ್ಲಿ ಶೇ. 84.

ಮತ್ತೊಮ್ಮೆ ಓದಿ: ಇವರಿಗೆ ನೋವಿರಲಿಲ್ಲ. 50 ದಾಟಿದ ಯಾರನ್ನೇ ಬೀದಿಯಿಂದ ಕರೆದು ಸ್ಕ್ಯಾನ್ ಮಾಡಿದರೂ ಹೆಚ್ಚಿನವರ ರಿಪೋರ್ಟಿನಲ್ಲಿ ನಿಮ್ಮ ರಿಪೋರ್ಟಿನ ಪದಗಳೇ ಇರುತ್ತವೆ. ಮುಖದ ಸುಕ್ಕಿನ ಹಾಗೆ ಇದು ಒಳಗಿನ ಸುಕ್ಕು.

ಹಾಗಾದರೆ ಕೆಲವರಿಗೆ ನೋವು ಯಾಕೆ? ಆರೋಗ್ಯವಂತ ಡಿಸ್ಕ್‌ನಲ್ಲಿ ನೋವು ತಿಳಿಯುವ ನರತಂತುಗಳು ಉಂಗುರದ ಹೊರಗಿನ ಪದರಗಳಲ್ಲಿ ಮಾತ್ರ ಇರುತ್ತವೆ. ಕೆಲವು ಸವೆದ ಡಿಸ್ಕ್‌ಗಳಲ್ಲಿ ಬಿರುಕಿನ ಮೂಲಕ ಈ ತಂತುಗಳು ಒಳಕ್ಕೂ ಬೆಳೆಯುತ್ತವೆ, ಉರಿಯೂತದ ರಾಸಾಯನಿಕಗಳು ಅವನ್ನು ಕೆರಳಿಸುತ್ತವೆ. ಆಗ ಡಿಸ್ಕ್ ತಾನೇ ನೋಯುತ್ತದೆ. ಇನ್ನು ಕೆಲವರಲ್ಲಿ ನೋವು ಹಿಂದಿನ ಕೀಲುಗಳಿಂದ, ಸ್ನಾಯುಗಳಿಂದ, ಒತ್ತಿಕೊಂಡ ನರದಿಂದ ಬರುತ್ತದೆ. ನಿದ್ದೆ ಕೆಟ್ಟಿದ್ದರೆ, ಮನಸ್ಸಿಗೆ ಬಹಳ ಒತ್ತಡ ಇದ್ದರೆ ಅದೇ ನೋವು ಜೋರಾಗುತ್ತದೆ. ಅಂದಮಾತ್ರಕ್ಕೆ ನೋವು ಸುಳ್ಳಲ್ಲ. ನೋವಿನ ದನಿಯನ್ನು ಏರಿಸುವುದು ಇಳಿಸುವುದು ಮಿದುಳಿನ ಕೆಲಸ.

ಸ್ಕ್ಯಾನ್ ಇದ್ಯಾವುದನ್ನೂ ತೋರಿಸುವುದಿಲ್ಲ. ನೋವಿಗೆ ಫೋಟೊ ಇಲ್ಲ. ಹಾಗಾಗಿ ವೈದ್ಯರು ಚಿತ್ರವನ್ನು ನಿಮ್ಮ ಮಾತಿನ ಜೊತೆ, ಮೈ ಮುಟ್ಟಿ ನೋಡಿದ ಪರೀಕ್ಷೆಯ ಜೊತೆ ಹೊಂದಿಸಿ ನೋಡಬೇಕಾಗುತ್ತದೆ.

ರಿಪೋರ್ಟಿನ ಮಾತುಗಳು

ಡೆಸಿಕೇಶನ್ ಅಂದರೆ ಒಣಗುವುದು. ಎಂಆರ್‌ಐನ ಒಂದು ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ, ಒಣಗಿದ ಡಿಸ್ಕ್ ಕಪ್ಪಗೆ ಕಾಣುತ್ತದೆ. "ಬ್ಲ್ಯಾಕ್ ಡಿಸ್ಕ್" ಅನ್ನುವುದೂ ಇದನ್ನೇ. ಕಪ್ಪು ಅಂದರೆ ಕೊಳೆತಿದೆ ಅಂತಲ್ಲ.

ಬಲ್ಜ್ ಅಂದರೆ ಡಿಸ್ಕ್‌ನ ಸುತ್ತಳತೆ ಸ್ವಲ್ಪ ಅಗಲವಾಗಿ ಉಬ್ಬಿದೆ. ಪ್ರೊಟ್ರೂಶನ್ ಅಂದರೆ ಒಂದೇ ಕಡೆ ಮುಂದೆ ಚಾಚಿದೆ. ಎಕ್ಸ್‌ಟ್ರೂಶನ್ ಅಂದರೆ ತಿರುಳು ಉಂಗುರ ದಾಟಿ ಹೊರಗೆ ಬಂದಿದೆ. ಆ ತುಂಡು ಪೂರ್ತಿ ಕಳಚಿಕೊಂಡರೆ ಸೀಕ್ವೆಸ್ಟ್ರೇಶನ್. ಆನ್ಯುಲರ್ ಟಿಯರ್ ಅಂದರೆ ಉಂಗುರದಲ್ಲಿ ಬಿರುಕು. ಆಸ್ಟಿಯೋಫೈಟ್ ಅಂದರೆ ಅಂಚಿನಲ್ಲಿ ಬೆಳೆದ ಮೂಳೆಯ ಚಾಚು.

"ಡಿಸ್ಕ್ ಜಾರಿದೆ", "ಸ್ಲಿಪ್ ಡಿಸ್ಕ್" ಅಂತ ಎಲ್ಲರೂ ಹೇಳುತ್ತೇವೆ. ನಿಜವಾಗಿ ಡಿಸ್ಕ್ ಜಾರುವುದಿಲ್ಲ. ಅದು ಮೇಲಿನ ಕೆಳಗಿನ ಕಶೇರುಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಜಾರಿದ ಬಿಲ್ಲೆಯನ್ನು ತಳ್ಳಿ ಮತ್ತೆ ಜಾಗಕ್ಕೆ ಕೂರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಇದು ನೆನಪಿರಲಿ.

ಇನ್ನೊಂದು ಗೊಂದಲ ಸ್ಪಾಂಡಿಲೈಟಿಸ್ ಎಂಬ ಮಾತಿನದ್ದು. ಕುತ್ತಿಗೆ ನೋವಿಗೆಲ್ಲ ಇದೇ ಹೆಸರು ಬಳಕೆಯಲ್ಲಿದೆ. ವಯಸ್ಸಿನ ಸವೆತಕ್ಕೆ ಸರಿಯಾದ ಹೆಸರು ಸ್ಪಾಂಡಿಲೋಸಿಸ್. ಸ್ಪಾಂಡಿಲೈಟಿಸ್ ಅಂದರೆ ಉರಿಯೂತದ ಕಾಯಿಲೆ, ಅದರ ಔಷಧವೇ ಬೇರೆ. ಚಿಕ್ಕ ವಯಸ್ಸಿನವರಿಗೆ ತಿಂಗಳುಗಟ್ಟಲೆ ಬೆಳಗಿನ ಜಾವ ಬೆನ್ನು ಬಿಗಿದುಕೊಂಡು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಆ ಉರಿಯೂತದ ಕಾಯಿಲೆಯನ್ನು ಪರೀಕ್ಷಿಸಬೇಕಾಗುತ್ತದೆ.

ತಿರುಳು ಹೊರಬಂದರೆ

ಬೆನ್ನುಹುರಿಯಿಂದ ಹೊರಟ ನರಗಳು ಡಿಸ್ಕ್‌ನ ಹಿಂಭಾಗದಲ್ಲೇ ಹಾದುಹೋಗುತ್ತವೆ. ಹೊರಬಂದ ತಿರುಳು ನರಕ್ಕೆ ತಾಗಿದರೆ ಸೊಂಟಕ್ಕಿಂತ ಕಾಲಿನಲ್ಲೇ ನೋವು ಜಾಸ್ತಿ. ಪಿರ್ರೆಯಿಂದ ತೊಡೆ, ಮೀನಖಂಡ ದಾಟಿ ಪಾದದವರೆಗೆ ಕರೆಂಟ್ ಹೊಡೆದಂತೆ ಇಳಿಯುತ್ತದೆ. ಇದೇ ಸಯಾಟಿಕಾ. ಕುತ್ತಿಗೆಯಲ್ಲಾದರೆ ನೋವು ತೋಳಿಗೆ ಇಳಿಯುತ್ತದೆ.

ಇದು ಹೆಚ್ಚಾಗಿ ಬರುವುದು 30ರಿಂದ 50ರ ವಯಸ್ಸಿನಲ್ಲಿ. ಮುದುಕರಿಗೆ ಜಾಸ್ತಿ ಬರಬೇಕಿತ್ತಲ್ಲ ಅನ್ನಿಸಬಹುದು. ಆದರೆ ಹೊರಗೆ ಚಿಮ್ಮಲು ತಿರುಳಿನಲ್ಲಿ ನೀರೂ ಒತ್ತಡವೂ ಇರಬೇಕು, ಉಂಗುರದಲ್ಲಿ ಬಿರುಕೂ ಇರಬೇಕು. ನಡುವಯಸ್ಸಿನಲ್ಲಿ ಎರಡೂ ಇರುತ್ತವೆ. ಮುಪ್ಪಿನ ಡಿಸ್ಕ್‌ನಲ್ಲಿ ಚಿಮ್ಮಲು ಅಷ್ಟೊಂದು ಉಳಿದಿರುವುದಿಲ್ಲ.

ಇಲ್ಲೊಂದು ನಿಜವಾದ ಸಮಾಧಾನದ ಸಂಗತಿ ಇದೆ. ಹೊರಬಂದ ತಿರುಳನ್ನು ದೇಹ ಪರಕೀಯ ವಸ್ತು ಅಂತ ಭಾವಿಸುತ್ತದೆ. ಇಷ್ಟು ವರ್ಷ ರಕ್ತದ ಸಂಪರ್ಕವಿಲ್ಲದೆ ಅಡಗಿದ್ದದ್ದು ಅಲ್ವಾ! ರೋಗನಿರೋಧಕ ಕೋಶಗಳು ಮುತ್ತಿಕೊಂಡು ಅದನ್ನು ಮೆಲ್ಲಗೆ ತಿಂದುಹಾಕುತ್ತವೆ. ಮೊದಮೊದಲು ನೋವು ತೀವ್ರವಾಗಿರುವುದಕ್ಕೆ ಈ ಉರಿಯೂತವೂ ಕಾರಣ, ಆಮೇಲೆ ತುಂಡು ಕರಗುವುದಕ್ಕೂ ಅದೇ ಕಾರಣ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಪ್ರಕರಣಗಳಲ್ಲಿ ಆಪರೇಷನ್ ಇಲ್ಲದೆಯೇ ಹೊರಬಂದ ಭಾಗ ಕುಗ್ಗಿದೆ. ದೊಡ್ಡದಾಗಿ ಹೊರಬಂದದ್ದು, ಪೂರ್ತಿ ಕಳಚಿಕೊಂಡದ್ದು ಇನ್ನೂ ಚೆನ್ನಾಗಿ ಕರಗುತ್ತದೆ. ರಿಪೋರ್ಟಿನಲ್ಲಿ ಕೇಳಲು ಭಯಂಕರವಾದದ್ದೇ ಹೆಚ್ಚು ಕರಗುವಂಥದ್ದು.

ಕಾಯಬಾರದ ಲಕ್ಷಣಗಳು

ಇಷ್ಟೆಲ್ಲ ಧೈರ್ಯ ಹೇಳಿದ ಮೇಲೆ ಇದನ್ನು ಅಷ್ಟೇ ಒತ್ತಿ ಹೇಳಬೇಕು.

ಮೂತ್ರ ಕಟ್ಟಿಕೊಂಡಿದೆ ಅಥವಾ ಗೊತ್ತಾಗದೆ ಹೋಗುತ್ತಿದೆ. ಮಲ ಹಿಡಿತಕ್ಕೆ ಸಿಗುತ್ತಿಲ್ಲ. ಕೂತಾಗ ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದೆ. ಎರಡೂ ಕಾಲುಗಳ ಬಲ ಹೋಗುತ್ತಿದೆ. ಇವುಗಳಲ್ಲಿ ಯಾವುದೇ ಒಂದು ಹೊಸದಾಗಿ ಕಂಡರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ, ರಜೆಯಾದರೂ ಸರಿ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅದರ ಕೆಳಗೆ ಕುದುರೆ ಬಾಲದಂತೆ ನರಗಳ ಗೊಂಚಲು ಇಳಿಯುತ್ತದೆ. ಆ ಗೊಂಚಲೇ ಒತ್ತಿಕೊಂಡಾಗ ಹೀಗಾಗುತ್ತದೆ. ಇದು ಅಪರೂಪ, ಆದರೆ ತಡವಾದರೆ ನಷ್ಟ ಶಾಶ್ವತವಾಗಬಹುದು.

ಪಾದ ಎತ್ತಲಾಗದೆ ನಡೆಯುವಾಗ ಎಡವುತ್ತಿದ್ದರೆ ಕೂಡ ತಡ ಮಾಡಬೇಡಿ. ಕುತ್ತಿಗೆಯ ತೊಂದರೆ ಇದ್ದವರಿಗೆ ಅಂಗಿಯ ಗುಂಡಿ ಹಾಕಲು ಕಷ್ಟವಾಗುವುದು, ನಡಿಗೆ ತೂರಾಡುವುದು ಬೆನ್ನುಹುರಿಯೇ ಒತ್ತಿಕೊಂಡಿರುವ ಸೂಚನೆ ಆಗಿರಬಹುದು. ಬೆನ್ನು ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದ ಪೆಟ್ಟು ಇವುಗಳಲ್ಲಿ ಯಾವುದಿದ್ದರೂ ಸವೆತ ಅಂತ ಸುಮ್ಮನಿರಬಾರದು.

ಏನು ಮಾಡಿದರೆ ಉಪಯೋಗ?

ಮಲಗಿಬಿಡುವುದು ಹಳೆಯ ಸಲಹೆ. 1986ರಲ್ಲಿ ಅಮೆರಿಕದಲ್ಲಿ 203 ಬೆನ್ನು ನೋವಿನ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 2 ದಿನ, ಇನ್ನೊಂದಕ್ಕೆ 7 ದಿನ ಮಲಗಲು ಹೇಳಿ ನೋಡಿದರು. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. 2 ದಿನ ಮಲಗಿದವರು ಕೆಲಸಕ್ಕೆ ಮಾತ್ರ ಬೇಗ ಮರಳಿದರು. ಈಗ ನೋವು ತೀರಾ ಜೋರಿದ್ದಾಗ ಒಂದೆರಡು ದಿನ ಸಾವರಿಸಿಕೊಂಡು, ಆಮೇಲೆ ಆದಷ್ಟು ಓಡಾಡಿ ಅಂತಲೇ ಹೇಳುತ್ತಾರೆ. ಡಿಸ್ಕ್ ಉಣ್ಣುವ ರೀತಿ ನೋಡಿದ ಮೇಲೆ ಇದರಲ್ಲಿ ಅಚ್ಚರಿ ಇಲ್ಲ.

ವ್ಯಾಯಾಮದಲ್ಲಿ ಯಾವುದು ಒಳ್ಳೆಯದು? ನಡಿಗೆ, ಈಜು, ಬೆನ್ನು ಹೊಟ್ಟೆಯ ಸ್ನಾಯುಗಳನ್ನು ಗಟ್ಟಿ ಮಾಡುವುದು, ಯಾವುದಾದರೂ ಸರಿ. ನೀವು ಬಿಡದೆ ಮಾಡುವಂಥದ್ದೇ ಒಳ್ಳೆಯದು. 2017ರ ಒಂದು ಅಧ್ಯಯನದಲ್ಲಿ ನಿಯಮಿತವಾಗಿ ಓಡುವವರ ಡಿಸ್ಕ್‌ಗಳಲ್ಲಿ ಓಡದವರಿಗಿಂತ ನೀರಿನಂಶ ಚೆನ್ನಾಗಿತ್ತು. ಹಾಗಂತ ನೋವಿನಲ್ಲಿರುವವರು ನಾಳೆಯೇ ಓಡಲು ಶುರು ಮಾಡಬೇಕಿಲ್ಲ. ಸ್ವಲ್ಪದರಿಂದ ಆರಂಭಿಸಿ ವಾರವಾರಕ್ಕೆ ಏರಿಸುತ್ತಾ ಹೋಗಿ. ಮಾಡುವಾಗ ತುಸು ನೋವಾದರೆ ಡಿಸ್ಕ್ ಹಾಳಾಗುತ್ತಿದೆ ಅಂತಲ್ಲ. ನೋವು ಕಾಲಿಗೆ ಇಳಿಯುತ್ತಾ ಜಾಸ್ತಿಯಾದರೆ ಮಾತ್ರ ನಿಲ್ಲಿಸಿ ಕೇಳಿ. ಭಾರ ಎತ್ತುವಾಗ ವಸ್ತು ಮೈಗೆ ಹತ್ತಿರ ಇರಲಿ. ಕೈ ಚಾಚಿ ಎತ್ತಿದರೆ ಅದೇ ಭಾರ ಬೆನ್ನಿಗೆ ಹಲವು ಪಟ್ಟಾಗುತ್ತದೆ.

ಸೊಂಟದ ಬೆಲ್ಟು, ಎಳೆದು ಕಟ್ಟುವ ಟ್ರಾಕ್ಷನ್ ಎರಡನ್ನೂ ದೀರ್ಘಕಾಲದ ಸೊಂಟ ನೋವಿಗೆ ವಾಡಿಕೆಯಾಗಿ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೂಳೆ-ಕೀಲಿಗೆ ಅಂತ ಮಾರುವ ಗ್ಲುಕೋಸಮೈನ್ ಮಾತ್ರೆಯನ್ನು ನಾರ್ವೆಯಲ್ಲಿ ಸವೆತದ ಸೊಂಟ ನೋವಿದ್ದ 250 ಜನರ ಮೇಲೆ ಪರೀಕ್ಷಿಸಿದರು. ಆರು ತಿಂಗಳು ತಿಂದರೂ ಅದು ಬರೀ ಹುಸಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ನೋವಿನ ಮಾತ್ರೆಗಳು ಕೆಲವು ದಿನ ಓಡಾಡಲು ನೆರವಾಗುತ್ತವೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು. ಸವೆದ ಡಿಸ್ಕ್ ಅನ್ನು ಮತ್ತೆ ಹಳೆಯ ಸ್ಥಿತಿಗೆ ತರುವ ಔಷಧ ಇನ್ನೂ ಬಂದಿಲ್ಲ.

ಆಪರೇಷನ್ ಯಾರಿಗೆ? ಕಾಯಬಾರದ ಲಕ್ಷಣ ಇದ್ದವರಿಗೆ, ಕಾಲಿನ ಬಲ ಇಳಿಯುತ್ತಿರುವವರಿಗೆ, ವಾರಗಟ್ಟಲೆ ಕಾದರೂ ಕಾಲು ನೋವು ತಡೆಯಲಾಗದವರಿಗೆ. ನೆದರ್ಲೆಂಡ್ಸ್‌ನಲ್ಲಿ ತೀವ್ರ ಸಯಾಟಿಕಾ ಇದ್ದ 283 ಜನರಲ್ಲಿ ಅರ್ಧದಷ್ಟು ಜನಕ್ಕೆ ಬೇಗ ಆಪರೇಷನ್, ಉಳಿದವರಿಗೆ ಕಾದು ನೋಡುವುದು ಅಂತ ಮಾಡಿದರು. ಫಲಿತಾಂಶ 2007ರಲ್ಲಿ ಬಂತು. ಬೇಗ ಮಾಡಿಸಿಕೊಂಡವರ ಕಾಲು ನೋವು ಬೇಗ ಇಳಿಯಿತು. ಕಾದವರಲ್ಲಿ ಶೇ. 39 ಮಂದಿಗೆ ಕೊನೆಗೆ ಆಪರೇಷನ್ ಬೇಕಾಯಿತು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನಲ್ಲಿ ಶೇ. 95 ಮಂದಿ ಚೇತರಿಸಿಕೊಂಡಿದ್ದರು. ಕಾಲು ನೋವಿಲ್ಲದೆ ಬರೀ ಸೊಂಟ ನೋವಿದ್ದು, ಸ್ಕ್ಯಾನ್‌ನಲ್ಲಿ ಸವೆತ ಕಂಡವರಿಗೆ ಆಪರೇಷನ್‌ನ ಲಾಭ ಅಷ್ಟು ಸ್ಪಷ್ಟವಿಲ್ಲ. ಅಂಥವರು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಒಳ್ಳೆಯದು.

ಮುಂದಿನ ವರ್ಷಗಳಲ್ಲಿ

"ಈಗಲೇ ಹೀಗೆ, ಇನ್ನು ಹತ್ತು ವರ್ಷಕ್ಕೆ ಏನು ಗತಿ?" ಈ ಯೋಚನೆ ಎಲ್ಲರಿಗೂ ಬರುತ್ತದೆ. ಚಿತ್ರದಲ್ಲಿನ ಸವೆತ ವಯಸ್ಸಿನ ಜೊತೆ ಮುಂದುವರಿಯುತ್ತದೆ, ನಿಜ. ಅದರ ಜೊತೆ ನೋವೂ ಏರಬೇಕೆಂದಿಲ್ಲ. ಡಿಸ್ಕ್ ತೆಳ್ಳಗಾಗಿ ಗಟ್ಟಿಯಾದಂತೆ, ಅಂಚಿನ ಮೂಳೆ ಚಾಚಿದಂತೆ ಆ ಜಾಗದ ಅಲುಗಾಟ ಕಡಿಮೆಯಾಗುತ್ತದೆ. ಬೆನ್ನು ಸ್ವಲ್ಪ ಬಿಗಿಯಾದರೂ ನೋವು ಇಳಿದವರು ಬಹಳ ಮಂದಿ ಇದ್ದಾರೆ.

ಕೆಲವರಿಗೆ ಮಾತ್ರ 60ರ ಆಚೆ ಇನ್ನೊಂದು ತೊಂದರೆ ಬರಬಹುದು. ನರಗಳು ಹೋಗುವ ಕೊಳವೆ ಕಿರಿದಾಗುತ್ತದೆ. ರಿಪೋರ್ಟಿನಲ್ಲಿ ಇದು ಕೆನಾಲ್ ಸ್ಟೆನೋಸಿಸ್. ಸ್ವಲ್ಪ ದೂರ ನಡೆದರೆ ಕಾಲು ಭಾರ, ಜೋಮು. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಆರಾಮ, ಯಾಕೆಂದರೆ ಬಾಗಿದಾಗ ಕೊಳವೆ ತುಸು ಅಗಲವಾಗುತ್ತದೆ. ನಡೆಯಲು ಆಗದವರು ಸೈಕಲ್ ಸಲೀಸಾಗಿ ತುಳಿಯುವುದು ಇದರಿಂದಲೇ.

ಆ ಎರಡು ದಿನ

ವೈದ್ಯರನ್ನು ಕಾಣುವ ಮೊದಲು ಒಂದು ಚೀಟಿ ಬರೆದುಕೊಳ್ಳಿ. ನೋವು ಎಲ್ಲಿ ಶುರುವಾಗಿ ಎಲ್ಲಿಯವರೆಗೆ ಹೋಗುತ್ತದೆ. ಕೂತಾಗ ಜಾಸ್ತಿಯೋ, ನಡೆದಾಗ ಜಾಸ್ತಿಯೋ. ಬೆಳಿಗ್ಗೆ ಎದ್ದಾಗ ಹೇಗೆ, ಸಂಜೆ ಹೇಗೆ. ಯಾವ ಬೆರಳು ಜೋಮು ಹಿಡಿಯುತ್ತದೆ. ಹೆಬ್ಬೆರಳಿನ ಕಡೆಯಾದರೆ ಒಂದು ನರ, ಕಿರುಬೆರಳಿನ ಕಡೆಯಾದರೆ ಇನ್ನೊಂದು ನರ, ವೈದ್ಯರಿಗೆ ಅದು ದೊಡ್ಡ ಸುಳಿವು. ಮೂರು ವಾರಗಳ ಹಿಂದೆ ಮಾಡಲಾಗದ ಯಾವ ಕೆಲಸ ಈಗ ಮಾಡಬಲ್ಲಿರಿ, ಅದನ್ನೂ ಬರೆಯಿರಿ. ಕೊನೆಗೆ ಒಂದು ಪ್ರಶ್ನೆ: "ಚಿತ್ರದಲ್ಲಿ ಕಂಡದ್ದು ನನ್ನ ನೋವಿಗೆ ಹೊಂದುತ್ತದೆಯೇ?"

ಆ ಚೀಟಿಯನ್ನು ರಿಪೋರ್ಟಿನ ಮೇಲಿಟ್ಟುಕೊಂಡು ಹೋಗಿ. ಮೊದಲು ಚೀಟಿ ಓದಿ ಹೇಳಿ, ರಿಪೋರ್ಟ್ ಆಮೇಲೆ ಕೊಡಿ.